ಮೂರನೇ ಪುಟದ ಠಸ್ಸೆ

ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಠಸ್ಸೆ ಬೀಳದ ಕಾಗದ ಕಡಲೆಕಾಯಿ ಕಟ್ಟುವುದಕ್ಕಷ್ಟೇ ಲಾಯಕ್ಕು ಎನ್ನುತ್ತಿದ್ದರು. ಅವರಿಂದ ನನಗೆ ಬಂದ ಆಸ್ತಿ ಅಂದರೆ ಈ ಬುದ್ಧಿಯೊಂದೇ. ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಸಹಿ ಇಲ್ಲದ ರಜಾ ಚೀಟಿ, ಮಾರ್ಜಿನ್ ಹಾಕದ ಉತ್ತರ ಪತ್ರಿಕೆ, ಕಡೇ ದಿನ ದಾಟಿ ಬಂದ ಅಸೈನ್‌ಮೆಂಟು, ಯಾವುದನ್ನೂ ನಾನು ಮುಟ್ಟಿದವಳಲ್ಲ. ಮಕ್ಕಳು ಬೆನ್ನ ಹಿಂದೆ ನನ್ನನ್ನು ರೂಲ್ಸ್ ಮಿಸ್ ಅನ್ನುತ್ತಿದ್ದರು. ನನಗೆ ಗೊತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಈಗ ಆ ಹೆಸರು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತೇನೆ.

ಕೊರೊನಾ ಬರುವುದಕ್ಕೆ ಮುಂಚೆ ನಮ್ಮ ಪ್ರಿನ್ಸಿಪಾಲರು ಎಲ್ಲೋ ಒಂದು ತರಬೇತಿಗೆ ಹೋಗಿ ಬಂದು, ಸೆಕೆಂಡ್ ಪಿಯು ಮಕ್ಕಳಿಗೆ ವೃತ್ತಿ ಪರಿಚಯ ಅಂತ ಒಂದು ಪ್ರಾಜೆಕ್ಟ್ ಶುರು ಮಾಡಿದರು. ಮುಂದೆ ಏನಾಗಬೇಕೆಂಬ ಆಸೆಯಿದೆಯೋ ಆ ಕೆಲಸ ಮಾಡುವವರ ಜೊತೆ ಏಳು ದಿನ ಇದ್ದು, ನೋಡಿದ್ದನ್ನು ಫೈಲಿನಲ್ಲಿ ಬರೆದು ಕೊಡಬೇಕು. ಮೊದಲ ಪುಟದಲ್ಲಿ ಹೆಸರು, ಎರಡನೆಯದರಲ್ಲಿ ಕೃತಜ್ಞತೆ, ಮೂರನೆಯದರಲ್ಲಿ ದೃಢೀಕರಣ: ಈ ವಿದ್ಯಾರ್ಥಿ ನಮ್ಮಲ್ಲಿ ಏಳು ದಿನ ಖುದ್ದಾಗಿ ಹಾಜರಿದ್ದು ಕೆಲಸದ ಪರಿಚಯ ಮಾಡಿಕೊಂಡಿರುತ್ತಾರೆ ಅಂತ. ಅದರ ಕೆಳಗೆ ಸಹಿ, ಠಸ್ಸೆ. ಅದಕ್ಕೆ ಇಂಟರ್ನಲ್ ಅಂಕ. ಜವಾಬ್ದಾರಿ ನನ್ನ ಹೆಗಲಿಗೆ ಬಿತ್ತು. ಮೊದಲ ವರ್ಷ ಮಕ್ಕಳು ಗ್ಯಾರೇಜಿಗೆ, ಕೋರ್ಟಿಗೆ, ಬೇಕರಿಗೆ, ಬ್ಯೂಟಿ ಪಾರ್ಲರಿಗೆ ಹೋಗಿ ಬಂದರು. ಮೂರು ಗಂಟೆಗೆಲ್ಲ ಎದ್ದು ಬನ್ನಿಗೆ ಹಿಟ್ಟು ನಾದಿದ ಹುಡುಗನೊಬ್ಬ ಇಡೀ ಕ್ಲಾಸಿಗೆ ಬನ್ ಹಂಚಿದ್ದ. ನಿಜಕ್ಕೂ ಒಳ್ಳೆಯ ಕೆಲಸವೇ ಅದು. ಹಾಳು ಮಾಡಿದವರು ನಾವು.

ಕೊರೊನಾದ ವರ್ಷ ಕಾಲೇಜು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಪ್ರಾಜೆಕ್ಟ್ ಮಾತ್ರ ನಿಲ್ಲಲಿಲ್ಲ. ಯಾರೂ ಹೊರಗೆ ಹೋಗಬೇಡಿ, ಫೋನಿನಲ್ಲೇ ಏಳು ದಿನ ಮಾತಾಡಿ ಬರೆಯಿರಿ ಎಂದು ನಾನೇ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಆದರೆ ಫೈಲಿನ ನಮೂನೆ ಹಳೆಯದೇ. ಮೂರನೇ ಪುಟದಲ್ಲಿ ಖುದ್ದಾಗಿ ಹಾಜರಿದ್ದು ಅಂತಲೇ ಇತ್ತು, ಅದರ ಕೆಳಗೆ ಠಸ್ಸೆಯ ಜಾಗವೂ ಇತ್ತು. ಮನೆಯಲ್ಲೇ ಕೂತ ಮಗುವಿಗೆ ಖುದ್ದಾಗಿ ಬಂದಿದ್ದೆ ಅಂತ ಠಸ್ಸೆ ಹಾಕಿಸಿಕೊಂಡು ಬಾ ಎನ್ನುವುದು ಎಂಥ ತಮಾಷೆ ಅಂತ ಇಡೀ ಕಾಲೇಜಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನಂತೂ ಠಸ್ಸೆ ಇಲ್ಲದ ಫೈಲುಗಳನ್ನು ಒಂದೊಂದಾಗಿ ಹಿಂದಕ್ಕೆ ಕಳಿಸುತ್ತ ಕೂತೆ.

ಮಕ್ಕಳು ನಮಗಿಂತ ಬುದ್ಧಿವಂತರು. ಪೈಲಟ್ ಆಗಬೇಕೆಂದಿದ್ದ ಹುಡುಗನ ಫೈಲಿಗೆ ಟ್ರಾವೆಲ್ಸ್ ಅಂಗಡಿಯ ಠಸ್ಸೆ ಬಿತ್ತು. ವಕೀಲೆಯಾಗಬೇಕೆಂದಿದ್ದವಳಿಗೆ ಅವಳ ಚಿಕ್ಕಪ್ಪನ ಟೈಪಿಂಗ್ ಸೆಂಟರಿನದು. ಒಬ್ಬ ತನ್ನ ಅಮ್ಮನ ಬಗ್ಗೆಯೇ ಬರೆದಿದ್ದ, ವೃತ್ತಿ ಗೃಹಿಣಿ ಅಂತ. ಠಸ್ಸೆ ಎಲ್ಲಿ ಎಂದು ಕೇಳಿದ್ದಕ್ಕೆ, ಅಮ್ಮನ ಹತ್ರ ಲಟ್ಟಣಿಗೆ ಬಿಟ್ರೆ ಏನೂ ಇಲ್ಲ ಮಿಸ್ ಎಂದ. ನನಗೆ ನಗು ಬಂದು ಅವನದನ್ನು ಹಾಗೇ ಒಪ್ಪಿಕೊಂಡೆ. ನನಗೆ ಬೇಕೆನಿಸಿದಾಗ ನಿಯಮ ಬಗ್ಗುತ್ತಿತ್ತು ಅನ್ನುವುದಕ್ಕೆ ಇದೊಂದು ಸಾಕ್ಷಿ.

ಮೋಸ ಮಾಡಲು ಬಾರದ ಹುಡುಗಿ ಒಬ್ಬಳಿದ್ದಳು. ಅಶೋಕಪುರಂನವಳು. ಮನೆಯಲ್ಲಿ ಅವಳು, ಅವಳ ತಾಯಿ, ಇಬ್ಬರೇ. ತಾಯಿ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದವರು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ರಕ್ತ ಪರೀಕ್ಷೆಗೆ ಹೋದಾಗಲೆಲ್ಲ ಈ ಹುಡುಗಿಯೇ ಜೊತೆಗೆ ಹೋಗಿ, ಲ್ಯಾಬಿನ ಟೆಕ್ನಿಷಿಯನ್ ಹೆಂಗಸು ನೋವಾಗದ ಹಾಗೆ ಸೂಜಿ ಚುಚ್ಚುವುದನ್ನು ನೋಡಿ ನೋಡಿ, ತಾನೂ ಅದನ್ನೇ ಕಲಿಯಬೇಕು ಅಂದುಕೊಂಡಿದ್ದಳು. ಪ್ರಾಜೆಕ್ಟಿಗೆ ಆ ಟೆಕ್ನಿಷಿಯನ್ನರನ್ನೇ ಹಿಡಿದಳು. ಅವರು ಪಾಪ ಇಡೀ ದಿನ ದುಡಿದು ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆ ಇವಳಿಗೆ ಫೋನಿನಲ್ಲಿ ಅರ್ಧ ಗಂಟೆ ಕೊಡುತ್ತಿದ್ದರಂತೆ.

ನಾನು ಓದಿದ ಫೈಲುಗಳಲ್ಲಿ ಅಷ್ಟು ಚೆನ್ನಾಗಿದ್ದದ್ದು ಇನ್ನೊಂದಿಲ್ಲ. ವಯಸ್ಸಾದವರ ಕೈಯಲ್ಲಿ ನರ ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದಳು. ನಿಮಗೆ ಎಷ್ಟು ಜನ ಮೊಮ್ಮಕ್ಕಳು, ಬೆರಳು ಮಡಿಸಿ ಎಣಿಸಿ ಅಂತೀನಿ, ಅವರು ಎಣಿಸೋದರೊಳಗೆ ನರ ಎದ್ದು ಬರುತ್ತೆ ಎಂದು ಅವರು ಹೇಳಿದ್ದನ್ನು ಹಾಗೇ ಬರೆದಿದ್ದಳು. ಬೇರೆಯವರ ರಕ್ತ ನೋಡಿ ಮನೆಗೆ ಹೋದ ಮೇಲೆ ಊಟ ಸೇರುತ್ತದಾ ಎಂದು ಕೇಳಿದ್ದಳು. ಆ ಪುಟಗಳನ್ನು ನಾನು ಎರಡು ಸಲ ಓದಿದೆ. ಆದರೂ ಮೂರನೇ ಪುಟದಲ್ಲಿ ಠಸ್ಸೆ ಇರಲಿಲ್ಲ. ಟೆಕ್ನಿಷಿಯನ್ನರು ಒಂದು ಬಿಳಿ ಹಾಳೆಯ ಮೇಲೆ ಸಹಿ ಮಾಡಿ ಅದರ ಫೋಟೋ ಕಳಿಸಿದ್ದರು, ಅಷ್ಟೇ. ಅವಳ ಫೈಲನ್ನೂ ಹಿಂದಕ್ಕೆ ಕಳಿಸಿದೆ.

ಅಷ್ಟು ಹೊತ್ತಿಗೆ ಎರಡನೇ ಅಲೆ ಬಂದಿತ್ತು. ಮತ್ತೆ ಲಾಕ್‌ಡೌನ್. ಬೆಳಿಗ್ಗೆ ಒಂದಿಷ್ಟು ಹೊತ್ತು ಹಾಲು ತರಕಾರಿಗೆ ಬಿಡುತ್ತಿದ್ದರು, ಆಮೇಲೆ ರಸ್ತೆಯಲ್ಲಿ ಆಂಬುಲೆನ್ಸ್ ಬಿಟ್ಟರೆ ಬೇರೆ ಸದ್ದಿಲ್ಲ. ಲಾಕ್‌ಡೌನ್ ಮುಗಿದ ಮೇಲೆ ಸೀಲ್ ಹಾಕಿಸಲಾ ಮಿಸ್, ಅಮ್ಮನಿಗೆ ಶುಗರ್ ಇದೆ, ಹೊರಗೆ ಹೋಗಲು ಹೆದರಿಕೆ ಎಂದು ಆ ಹುಡುಗಿ ಮೆಸೇಜ್ ಮಾಡಿದಳು. ನಾನು ಉತ್ತರ ಬರೆದೆ: ಸೋಮವಾರ ಕಡೇ ದಿನ, ಬದಲಾಗುವುದಿಲ್ಲ. ಹೊರಗೆ ಹೋಗು ಎಂದು ನಾನು ಬರೆಯಲಿಲ್ಲ. ಬಹಳ ದಿನ ಈ ಒಂದು ಹುಲ್ಲುಕಡ್ಡಿ ಹಿಡಿದುಕೊಂಡು ತೇಲಲು ನೋಡಿದ್ದೇನೆ. ಕಡೇ ದಿನ ಬದಲಾಗುವುದಿಲ್ಲ ಅಂದರೆ ಹದಿನೇಳು ವರ್ಷದ ಮಗು ಇನ್ನೇನು ಮಾಡೀತು?

ಅದು ಗುರುವಾರ. ಮಾರನೆಯ ದಿನ, ಶುಕ್ರವಾರ ಸಂಜೆ ಪ್ರಿನ್ಸಿಪಾಲರ ಫೋನ್ ಬಂತು. ಪರೀಕ್ಷೆ ನಡೆಯುತ್ತೋ ಇಲ್ಲವೋ ದೇವರಿಗೇ ಗೊತ್ತು, ಇಂಟರ್ನಲ್ ಅಂಕ ಈಗಲೇ ಕಳಿಸಬೇಕಂತೆ, ಫೈಲು ಗೀಲು ಯಾರೂ ನೋಡುವುದಿಲ್ಲ, ಎಲ್ಲರಿಗೂ ಪೂರ್ತಿ ಕೊಟ್ಟುಬಿಡಿ ಎಂದರು. ನಾನು ಲ್ಯಾಪ್‌ಟಾಪ್ ತೆಗೆದು, ಪಕ್ಕದಲ್ಲಿ ಕಾಫಿ ಇಟ್ಟುಕೊಂಡು, ಇಡೀ ಕ್ಲಾಸಿಗೆ ಪೂರ್ತಿ ಅಂಕ ತುಂಬಿದೆ. ಫೈಲೇ ಶುರು ಮಾಡದವರಿಗೂ ತುಂಬಿದೆ. ಆ ಹುಡುಗಿಗೂ ತುಂಬಿದೆ. ಲೋಟದ ಕಾಫಿ ಮುಗಿಯುವುದರೊಳಗೆ ಕೆಲಸ ಮುಗಿದಿತ್ತು.

ಆಗ ಗುಂಪಿನಲ್ಲಿ ಒಂದು ಸಾಲು ಬರೆಯಬಹುದಿತ್ತು. ಠಸ್ಸೆ ಬೇಡ, ಎಲ್ಲರೂ ಮನೆಯಲ್ಲೇ ಇರಿ, ಅಷ್ಟೇ. ಮರೆತುಹೋಯಿತು ಅಂತ ಹೇಳಿದರೆ ಅದು ಇನ್ನೊಂದು ಸುಳ್ಳು. ನೆನಪಿತ್ತು. ಫೋನ್ ಕೈಗೆ ತೆಗೆದುಕೊಂಡೂ ಇದ್ದೆ. ಆಗಲೇ ಅಂಕ ಹೋಗಿದೆ ಅಂತ ಗೊತ್ತಾದರೆ ಉಳಿದವರು ಫೈಲು ಬರೆಯುವುದನ್ನೇ ಬಿಡುತ್ತಾರೆ, ಸೋಮವಾರದವರೆಗೆ ಸ್ವಲ್ಪ ಭಯ ಇರಲಿ, ಆಮೇಲೆ ಹೇಳಿದರಾಯಿತು ಅಂದುಕೊಂಡು ಕೆಳಗಿಟ್ಟೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಆ ಪೂಜಾರಿ ನಾನು.

ಶನಿವಾರ ಬೆಳಿಗ್ಗೆ ಅವಳು ಹೊರಟಳು. ಅಶೋಕಪುರಂನಿಂದ ಲ್ಯಾಬಿನವರೆಗೆ ನಡೆದೇ ಹೋದಳಂತೆ. ದಾರಿಯಲ್ಲಿ ಒಬ್ಬ ಪೊಲೀಸಿನವರು ತಡೆದಿದ್ದಾರೆ. ಇವಳು ಫೈಲು ತೋರಿಸಿದ್ದಾಳೆ. ಅವರು ಪುಟ ತಿರುಗಿಸಿ ನೋಡಿ, ಕಾಲೇಜಿನವರಿಗೆ ಬುದ್ಧಿ ಇಲ್ವಾ, ಬೇಗ ಮುಗಿಸ್ಕೊಂಡು ಮನೆಗೆ ಹೋಗವ್ವ ಎಂದು ಬಿಟ್ಟಿದ್ದಾರೆ. ಲ್ಯಾಬಿನ ಮುಂದೆ ಕೊರೊನಾ ಪರೀಕ್ಷೆಗೆ ಬಂದವರ ಸಾಲು ರಸ್ತೆಯ ತಿರುವಿನವರೆಗೆ ಇತ್ತಂತೆ. ಠಸ್ಸೆಗೆ ಬೇರೆ ಸಾಲಿಲ್ಲವಲ್ಲ. ಕೆಮ್ಮುವವರ ನಡುವೆ ಎರಡು ಗಂಟೆಗೂ ಹೆಚ್ಚು ನಿಂತಿದ್ದಾಳೆ. ಟೆಕ್ನಿಷಿಯನ್ನರು ಇವಳನ್ನು ನೋಡಿ ಸಿಟ್ಟಿಗೆದ್ದು, ಇದಕ್ಕಾಗಿ ಬಂದೆಯಾ ಎಂದು ಬೈದು, ಠಸ್ಸೆ ಒತ್ತಿ ಕಳಿಸಿದ್ದಾರೆ. ಇದೆಲ್ಲ ಅವಳೇ ಆಮೇಲೆ ನನಗೆ ಹೇಳಿದ್ದು.

ಸೋಮವಾರ ಅವಳ ಫೈಲು ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ. ಎರಡು ವಾರ ಕಳೆದ ಮೇಲೆ ಅವಳ ಗೆಳತಿಯೊಬ್ಬಳು ಗುಂಪಿನಲ್ಲಿ ಕೈಮುಗಿದ ಚಿತ್ರ ಹಾಕಿದಳು. ಉಳಿದವರೂ ಹಾಕಿದರು. ಯಾರಿಗೆ, ಏನು ಎಂದು ತಿಳಿಯದೆ ಆ ಗೆಳತಿಗೆ ಫೋನ್ ಮಾಡಿದೆ. ಈ ಹುಡುಗಿಗೆ ಜ್ವರ ಬಂದು ವಾಸಿಯಾಯಿತಂತೆ, ಅಷ್ಟರಲ್ಲಿ ತಾಯಿಗೆ ಶುರುವಾಯಿತಂತೆ. ಆಸ್ಪತ್ರೆಯಲ್ಲಿ ಹಾಸಿಗೆ ಹುಡುಕುವುದರಲ್ಲೇ ಒಂದೂವರೆ ದಿನ ಹೋಗಿದೆ. ಸಿಕ್ಕಿದ ಮೇಲೆ ನಾಲ್ಕು ದಿನ ಇದ್ದರಂತೆ.

ನಾನು ಅವಳಿಗೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೂರು ಸಲ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಮಿಸ್, ಸೀಲ್ ಹಾಕ್ಸಿದೀನಿ. ಕೊಡಕ್ಕೆ ಆಗ್ಲಿಲ್ಲ. ಅಮ್ಮ ಹೋಗ್ಬುಟ್ರು."

ಮೂರನ್ನೂ ಒಂದೇ ಧ್ವನಿಯಲ್ಲಿ ಹೇಳಿದಳು. ನಾನು ಏನೋ ಒದರಿದೆ. ಧೈರ್ಯ ತಂದುಕೋ, ದೇವರಿದ್ದಾನೆ, ಇಂಥದ್ದೇ. ನನ್ನ ಬಾಯಿಗೆ ಬರೆ ಹಾಕಬೇಕಿತ್ತು.

ಯಾವುದರಿಂದ ಬಂತೋ ಯಾರು ಬಲ್ಲರು ಎಂದು ನನ್ನ ಮನೆಯವರು ಸಮಾಧಾನ ಹೇಳಿದರು. ಹಾಲಿನಿಂದ ಬಂದಿರಬಹುದು, ಪಕ್ಕದ ಮನೆಯಿಂದ ಬಂದಿರಬಹುದು, ಊರಿಗೆ ಊರೇ ಮಲಗಿತ್ತಲ್ಲ ಅಂದರು. ಅವಳ ಗೆಳತಿಯನ್ನು ಕೇಳಿ ನಾನೂ ಆ ಲೆಕ್ಕವನ್ನೆಲ್ಲ ಹಾಕಿ ನೋಡಿದೆ. ಫ್ಯಾಕ್ಟರಿ ಮುಚ್ಚಿತ್ತು, ತಾಯಿ ಹೊಸಿಲು ದಾಟಿರಲಿಲ್ಲ, ಹಾಲಿನವನು ಪ್ಯಾಕೆಟ್ಟನ್ನು ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದ. ಆ ಮನೆಯಿಂದ ಯಾರಾದರೂ ಹೊರಗೆ ಹೋಗಿ ಬಂದದ್ದು ನನ್ನ ಠಸ್ಸೆಗೆ ಮಾತ್ರ. ಇರಬಹುದು, ಇಲ್ಲದಿರಬಹುದು ಎಂಬ ಜಾಗದಲ್ಲಿ ಮನುಷ್ಯ ಎಷ್ಟು ದಿನ ಕೂತಿರಲು ಆಗುತ್ತದೆ? ನನಗೆ ಆಗಲಿಲ್ಲ. ಚಾಮುಂಡಿ ಬೆಟ್ಟಕ್ಕೆ ಹೋಗಿ ತಪ್ಪೊಪ್ಪಿಕೊಳ್ಳೋಣ ಅಂದರೆ ದೇವಸ್ಥಾನವೂ ಮುಚ್ಚಿತ್ತು. ತೆರೆದ ಮೇಲೆ ಹೋಗುವ ಮುಖ ಇರಲಿಲ್ಲ.

ಆಮೇಲೆ ಪರೀಕ್ಷೆಯೇ ರದ್ದಾಯಿತು. ಹಿಂದಿನ ಅಂಕ, ಇಂಟರ್ನಲ್ ಅಂಕ ಎಲ್ಲ ಕೂಡಿಸಿ ಎಲ್ಲರನ್ನೂ ಪಾಸು ಮಾಡಿದರು. ಅಂಗಡಿಗಳು ತೆರೆದವು, ಬಸ್ಸುಗಳು ಓಡಿದವು. ನಮ್ಮ ಸ್ಟಾಫ್ ರೂಮಿನಲ್ಲಿ ಮತ್ತೆ ಕೂತು ನಾವು ಲಸಿಕೆಯಿಂದ ಯಾರಿಗೆ ಎಷ್ಟು ಮೈಕೈ ನೋವು ಬಂತೆಂದು ಮಾತಾಡಿದೆವು.

ಅವಳು ಟಿಸಿ ತೆಗೆದುಕೊಂಡು ಹೋಗಲು ಬಂದದ್ದು ಒಂದು ಮಧ್ಯಾಹ್ನ. ಆಫೀಸಿನ ಕೆಲಸ ಮುಗಿಸಿ ನನ್ನನ್ನು ಹುಡುಕಿಕೊಂಡು ಬಂದಳು. ಇಳಿದುಹೋಗಿದ್ದಳು. ತಾಯಿಯದಿರಬೇಕು, ಸ್ವಲ್ಪ ದೊಡ್ಡ ಅಳತೆಯ ಚಪ್ಪಲಿ ಹಾಕಿದ್ದಳು. ಕೂರಿಸಿಕೊಂಡೆ. ಆಗಲೇ ಅವಳು ಆ ಶನಿವಾರದ ಕತೆಯನ್ನೆಲ್ಲ ಹೇಳಿದ್ದು, ಸಾಲು, ಪೊಲೀಸು, ಬೈಗುಳ. ದೂರು ಹೇಳುವ ಧಾಟಿಯೇ ಇರಲಿಲ್ಲ, ವರದಿ ಒಪ್ಪಿಸುವ ಹಾಗೆ ಹೇಳಿದಳು. ಅಮ್ಮ ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯವರೇ ಕರೆದಿದ್ದಾರೆ, ಒಂದನೇ ತಾರೀಕಿನಿಂದ ಹೋಗುತ್ತೇನೆ ಎಂದಳು. ಲ್ಯಾಬ್ ಕೋರ್ಸು ಏನಾಯಿತು ಎಂದು ಕೇಳಿದೆ. ಐಸಿಯುನಲ್ಲಿ ಅಮ್ಮನ ಕೈ ತುಂಬ ಚುಚ್ಚಿದ ಗುರುತಿತ್ತಂತೆ, ವಿಡಿಯೋ ಕಾಲ್‌ನಲ್ಲಿ ಅದು ಕಂಡಿತಂತೆ. ಇನ್ನು ಸೂಜಿ ಹಿಡಿಯಲು ಆಗುವುದಿಲ್ಲ ಎಂದಳು.

ತಪ್ಪು ನನ್ನದು ಎಂದು ಹೇಳಿಬಿಡಬೇಕೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ಶುಕ್ರವಾರ ಸಂಜೆಯೇ ಅಂಕ ಹೋಗಿತ್ತು, ನಿನ್ನನ್ನು ತಡೆಯಬಹುದಿತ್ತು, ತಡೆಯಲಿಲ್ಲ. ಇಷ್ಟು ಹೇಳಿದರೆ ಸಾಕಿತ್ತು. ಅಷ್ಟರಲ್ಲಿ ಅವಳೇ ಕೇಳಿದಳು.

"ಮಿಸ್, ಬೇಜಾರ್ ಮಾಡ್ಕೋಬೇಡಿ. ಆ ಸೀಲ್ ಇಲ್ದೇ ಇದ್ದಿದ್ರೆ ನಿಜವಾಗ್ಲೂ ಮಾರ್ಕ್ಸ್ ಕೊಡ್ತಿರ್ಲಿಲ್ವಾ?"

ಕಣ್ಣು ಕೀಳದೆ ನನ್ನನ್ನೇ ನೋಡುತ್ತಿದ್ದಳು. ಇದಕ್ಕಾಗಿಯೇ ಬಂದಿದ್ದಾಳೆ, ಟಿಸಿಗಲ್ಲ ಎಂದು ಆಗ ಅರ್ಥವಾಯಿತು. ಕೊಡುತ್ತಿದ್ದೆ, ಕೊಟ್ಟೂ ಆಗಿತ್ತು ಎಂದರೆ ಅವಳು ತನ್ನ ತಾಯಿಯನ್ನು ಏನೂ ಅಲ್ಲದ್ದಕ್ಕೆ ಕಳೆದುಕೊಂಡ ಹಾಗಾಗುತ್ತದೆ. ಆ ಭಾರ ಹೊತ್ತುಕೊಂಡು ಅವಳು ಒಂದನೇ ತಾರೀಕಿನಿಂದ ಬಸ್ಸು ಹತ್ತಬೇಕು.

"ಇಲ್ಲ ಕಣಮ್ಮ," ಎಂದೆ. "ಬೇಕೇ ಬೇಕಿತ್ತು."

ಅವಳಿಗೋಸ್ಕರ ಹೇಳಿದೆನೋ, ನನ್ನನ್ನು ಉಳಿಸಿಕೊಳ್ಳಲು ಹೇಳಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅವಳ ಹೆಗಲು ಇಳಿಯಿತು. ಎಷ್ಟೋ ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಟ್ಟಳು.

"ಹಂಗಾದ್ರೆ ಸರಿ ಮಿಸ್. ನಾನು ಸುಮ್ಸುಮ್ನೆ ಹೋಗ್ಬುಟ್ನೇನೋ ಅನ್ಕೊಂಡಿದ್ದೆ."

ಬಾಗಿಲ ಹತ್ತಿರ ನಿಂತು, ನೀವು ಕರೆಕ್ಟಾಗಿ ಹೇಳಿದ್ದು ಒಳ್ಳೇದಾಯ್ತು ಎಂದು ನನಗೆ ಥ್ಯಾಂಕ್ಸ್ ಹೇಳಿ ಹೋದಳು.