ಕುದಿಸಿದರೂ ಬಿಚ್ಚದ ಗಂಟು

ಮೊರಬದ ಕೂಲಿ ಹೆಂಗಸರ ನಡುವೆ ಸಾವಂತ್ರೆವ್ವನಿಗೆ ಹನ್ನೊಂದು ವರ್ಷ ಒಂದೇ ಹೆಸರಿತ್ತು: ಸೋಗಿನ ಸಾವಂತ್ರಿ. ಮಧ್ಯಾಹ್ನ ಬದುವಿನ ಮೇಲೆ ಕೂತು ಎಲ್ಲರಂತೆ ರೊಟ್ಟಿ, ಕಡಲೆಹಿಟ್ಟಿನ ಝುಣಕ ಉಂಡು ಮತ್ತೆ ಕಳೆಗೆ ಇಳಿದಳೆಂದರೆ ಅರ್ಧ ತಾಸಿನಲ್ಲಿ ಅಂಗೈ ಕೆರೆಯುತ್ತಿತ್ತು. ಮೈತುಂಬ ದದ್ದು ಏಳುತ್ತಿದ್ದವು, ತುಟಿ ಬಾತುಕೊಳ್ಳುತ್ತಿತ್ತು, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆದರೆ ಅಮಾವಾಸ್ಯೆಯ ರಜೆಯಲ್ಲಿ ಅದೇ ಝುಣಕ ಉಂಡು ಮನೆಯಲ್ಲಿ ಕೂತರೆ ಏನೂ ಆಗುತ್ತಿರಲಿಲ್ಲ. ಕೆಲಸವಿದ್ದಾಗಷ್ಟೇ ಬರುವ ಬೇನೆ ಅದೆಂಥದ್ದು ಎಂದು ಗುಂಪಿನ ಮುಂದಾಳು ರಾಮವ್ವ ಎಲ್ಲರೆದುರು ಕೇಳುತ್ತಿದ್ದಳು, ಉಳಿದವರು ನಗುತ್ತಿದ್ದರು. ಗಂಡ ಹೊಳೆಪ್ಪನೂ ಸ್ವಲ್ಪ ತಡಕೋ ಎನ್ನುತ್ತಿದ್ದ. ಊರಿನ ಡಾಕ್ಟರು ಉಷ್ಣ ಎಂದರು. ಅತ್ತೆ ಹರಕೆ ಹೊತ್ತು ಯಮನೂರಿನ ದೇವರಿಗೆ ಕರೆದೊಯ್ದು ಬಂದಳು. ಸಾವಂತ್ರೆವ್ವ ಸಿಟ್ಟು ನುಂಗಿಕೊಂಡು, ತುಟಿಗೆ ಸೆರಗು ಒತ್ತಿಕೊಂಡು ಕಳೆ ಕೀಳುತ್ತಿದ್ದಳು.

ಹೋದ ವರ್ಷ ಮಧ್ಯಾಹ್ನ ಉಂಡೆದ್ದು ಕಡಲೆ ಕೀಳುವಾಗ ಸಾಲಿನ ನಡುವೆ ಕುಸಿದುಬಿದ್ದಳು. ಒಬ್ಬಳು ಓಡಿ ಬರುವವಳಿದ್ದಳು, ರಾಮವ್ವ ತಡೆದಳು.

"ಬಿಡ್ರಿ, ತಾನ ಎದ್ದು ಬರ್ತಾಳ."

ಎರೆಮಣ್ಣಿಗೆ ಕೆನ್ನೆ ಹಚ್ಚಿ ಬಿದ್ದಿದ್ದ ಸಾವಂತ್ರೆವ್ವನಿಗೆ ಆ ಮಾತು ಸ್ಪಷ್ಟವಾಗಿ ಕೇಳಿಸಿತು. ಬಾಜು ಹೊಲದಲ್ಲಿ ಟ್ರ್ಯಾಕ್ಟರ್ ಹೊಡೆಯುತ್ತಿದ್ದ ಮಶಾಕಸಾಬ ಅವಳನ್ನು ಎತ್ತಿ ನವಲಗುಂದದ ದವಾಖಾನೆಗೆ ಮುಟ್ಟಿಸಿದ. ಅಲ್ಲಿ ಸೂಜಿ ಹಾಕಿ ಹುಬ್ಬಳ್ಳಿಗೆ ಕಳಿಸಿದರು.

ಹುಬ್ಬಳ್ಳಿಯಲ್ಲಿ ಅಮೃತಾ ಎಂಬ ಡಾಕ್ಟರು ಮೊದಲು ಕೇಳಿದ್ದೇ ಏನು ಉಂಡಿದ್ದಿರಿ, ಉಂಡ ಮೇಲೆ ಏನು ಮಾಡುತ್ತಿದ್ದಿರಿ ಎಂದು. ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ತೋಳಿನ ಮೇಲೆ ಚುಚ್ಚಿ ನೋಡಿ, ರಕ್ತ ತಪಾಸಣೆ ಮಾಡಿಸಿ, ವಾರದ ಮೇಲೆ ಅವಳನ್ನು ಎದುರು ಕೂಡಿಸಿಕೊಂಡು ಚೀಟಿಯಲ್ಲಿ ಒಂದು ಉದ್ದನೆಯ ಸರ ಬರೆದು ತೋರಿಸಿದರು. ನಿಮ್ಮ ಮೈಗೆ ಆಗದ್ದು ಇದೇ ಎಂದರು. ಗಿಡ ತನ್ನೊಳಗೆ ಜಿಡ್ಡು ಸಾಗಿಸಲು ಇಟ್ಟುಕೊಂಡ ಸಣ್ಣ ಪ್ರೋಟೀನು ಅದು. ಎಲೆಯ ಮೇಲಿನ ಮೇಣಕ್ಕೆ ಬೇಕಾದದ್ದನ್ನೂ ಅದೇ ಹೊತ್ತು ತರುತ್ತದಂತೆ. ಅಮೈನೋ ಆಮ್ಲಗಳೆಂಬ ಸುಮಾರು ತೊಂಬತ್ತು ಮಣಿಗಳ ಸರ, ಅದರಲ್ಲಿ ಸಿಸ್ಟೀನ್ ಎಂಬ ಗಂಧಕದ ಮಣಿ ಎಂಟು. ಮೂರನೆಯದು, ನಾಲ್ಕನೆಯದು ಒಂದಕ್ಕೊಂದು ಅಂಟಿಯೇ ಇರುತ್ತವೆ. ಐದಕ್ಕೂ ಆರಕ್ಕೂ ನಡುವೆ ಒಂದೇ ಮಣಿ. ಎಂಟೂ ಜೋಡಿಯಾಗಿ ನಾಲ್ಕು ಗಂಟು ಬೀಳುತ್ತವೆ. ಸರ ಸುರುಳಿ ಸುತ್ತಿ ನಡುವೆ ಪೊಟರೆಯಾಗುತ್ತದೆ, ಜಿಡ್ಡು ಕೂರುವುದು ಅಲ್ಲಿ. ಕಡಲೆ, ಶೇಂಗಾ, ಗೋಧಿ ಎಂದು ಬೆಳೆ ಬದಲಾದರೆ ಉಳಿದ ಮಣಿಗಳು ಅಷ್ಟಿಷ್ಟು ಬದಲಾಗುತ್ತವೆ, ಈ ಎಂಟು ಜಾಗ ಬಿಡುವುದಿಲ್ಲ.

"ಕುದಿಸಿದ್ರೂ ಹೋಗೂದಿಲ್ಲೇನ್ರಿ?"

"ಗಂಟು ಬಿಚ್ಚೂದಿಲ್ರಿ. ಹೊಟ್ಟ್ಯಾಗೂ ಕರಗೂದಿಲ್ಲ. ಮ್ಯಾಲೆ ಬಿಸಲಾಗ ದುಡದ್ರ ಕರುಳು ಅದನ್ನ ಜಾಸ್ತಿ ಒಳಗ ಬಿಡ್ತದ. ಕೂತಾಗ ಆಗದ್ದು ಅದಕ್ಕ ದುಡಿವಾಗ ಆಗ್ತಿತ್ತು."

ಸಮಾಧಾನವಾಗಬೇಕಿತ್ತು. ಬದಲಿಗೆ ಸಾವಂತ್ರೆವ್ವನಿಗೆ ಸಿಟ್ಟು ಬಂತು. ದುಡಿದದ್ದಕ್ಕೇ ಬರುತ್ತಿದ್ದ ಬೇನೆಗೆ ಮೈಗಳ್ಳಿ ಅನ್ನಿಸಿಕೊಂಡಿದ್ದಳು.

ಊರಿಗೆ ಬಂದ ಮರುದಿನ ಮುಂಜಾನೆ ಹೆಂಗಸರೆಲ್ಲ ಕೆಲಸಕ್ಕೆ ಕೂಡಿದ ಹೊತ್ತಿಗೇ ರಾಮವ್ವನ ಅಂಗಳಕ್ಕೆ ಹೋದಳು. ಕಡಲೆ, ಶೇಂಗಾ ಎರಡೂ ತನಗೆ ವಿಷವೆಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನಮಗೇನು ಗೊತ್ತಿತ್ತು ಎಂದಳು ರಾಮವ್ವ.

"ಗೊತ್ತಿರಲಿಲ್ಲ ಅನ್ನೂದು ಬ್ಯಾರೆ ಬೇ. ನಾ ಬಿದ್ದಾಗ ನೀ ನೋಡಿದ್ದಿ. ನೋಡಿ ಮಾರಿ ತಿರುವಿದಿ."

ಅಂಗಳದಲ್ಲಿ ಯಾರೂ ನಗಲಿಲ್ಲ.

ನಾಗರಪಂಚಮಿಗೆ ರಾಮವ್ವ ಸಿಟ್ಟು ಇಳಿಸಲೆಂದು ಡಬ್ಬಿ ಕೊಟ್ಟು ಕಳಿಸಿದಳು. ತೆಗೆದು ನೋಡಿದರೆ ಶೇಂಗಾದ ಉಂಡಿ. ಅಷ್ಟು ಬಿಡಿಸಿ ಹೇಳಿದ್ದನ್ನೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಸಾವಂತ್ರೆವ್ವ ಡಬ್ಬಿಯನ್ನು ತಾನೇ ಒಯ್ದು ಅವಳ ಹೊಸ್ತಿಲ ಮೇಲೆ ಕುಕ್ಕಿ ಬಂದಳು.

ಈಗ ಅವಳದೇ ಗುಂಪಿದೆ, ಆರು ಹೆಂಗಸರು. ಬುತ್ತಿಯಲ್ಲಿ ಝುಣಕದ ಬದಲು ಪುಂಡಿಸೊಪ್ಪಿನ ಪಲ್ಲೆ, ಸೊಂಟದ ಚೀಲದಲ್ಲಿ ಬೇನೆ ಬಂದರೆ ಚುಚ್ಚಿಕೊಳ್ಳಲು ಡಾಕ್ಟರು ಕೊಟ್ಟ ಸೂಜಿ. ಯಾರಾದರೂ ಮೈಗೆ ಹುಷಾರಿಲ್ಲ ಎಂದರೆ ಹೋಗಿ ನೆರಳಿಗೆ ಕೂಡು ಎನ್ನುತ್ತಾಳೆ, ಯಾಕೆ ಎಂದು ಉಳಿದವರು ಬಾಯಿ ಬಿಡುವಂತಿಲ್ಲ. ರಾಮವ್ವ ಎದುರಾದರೆ ದಾರಿ ಬಿಡುವುದಿಲ್ಲ, ಮಾತೂ ಆಡುವುದಿಲ್ಲ. ಹೋಗಲಿ ಬಿಡು ಎಂದು ಹೊಳೆಪ್ಪ ಒಮ್ಮೆ ಅಂದಿದ್ದ. ಅವಳು ನೋಡಿದ ನೋಟಕ್ಕೆ ಮತ್ತೆ ಆ ಮಾತು ತೆಗೆದಿಲ್ಲ.