ಮೂರು ಬೆಳಗಿನ ಮದ್ದು

ಬಿಳಗಿಯ ವೆಂಕಮ್ಮನಿಗೆ ಕೈಗುಣವಿದೆ ಎಂದು ಸುತ್ತಲಿನ ಹತ್ತು ಹಳ್ಳಿ ಒಪ್ಪಿಕೊಂಡಿತ್ತು. ಮೈಮೇಲೆ ಸರ್ಪಸುತ್ತು ಎದ್ದವರು ಬೆಳಗಾಗುವುದರೊಳಗೆ ಅವಳ ಜಗಲಿಯಲ್ಲಿ ಬಂದು ಕೂತಿರುತ್ತಿದ್ದರು. ಅವಳು ಖಾಲಿ ಹೊಟ್ಟೆಯಲ್ಲಿ, ಯಾರೊಡನೆಯೂ ಮಾತಾಡದೆ, ಗರಿಕೆ ರಸದಲ್ಲಿ ಕೆಮ್ಮಣ್ಣು ತೇಯ್ದು ಗುಳ್ಳೆಗಳ ಮೇಲೆ ಬಳಿಯುತ್ತಿದ್ದಳು. ಹೀಗೆ ಮೂರು ಬೆಳಗು. ಕೊಡಬೇಕಾದದ್ದು ಒಂದು ತೆಂಗಿನಕಾಯಿ, ಅಷ್ಟೇ. ಆದರೆ ಮೂರು ದಿನ ಮುಗಿಯುವ ತನಕ ಸೂಜಿ, ಗುಳಿಗೆ ಮುಟ್ಟುವಂತಿಲ್ಲ. ಮುಟ್ಟಿದರೆ ಹಾವು ತಿರುಗಿ ಬೀಳುತ್ತದೆ. ಹತ್ತರಲ್ಲಿ ಒಂಬತ್ತು ಮಂದಿಗೆ ವಾಸಿಯಾಗುತ್ತಿತ್ತು. ಬಹಳ ಮಂದಿಗೆ ಅದು ತಾನಾಗಿಯೇ ಒಣಗುವ ಹುಣ್ಣು ಎಂದು ವೆಂಕಮ್ಮನ ಎದುರು ಹೇಳುವ ಗಂಡೆದೆ ಯಾರಿಗಿತ್ತು?

ಎದುರು ಮಾತಿಲ್ಲದ ಆ ಬಲದಿಂದಲೇ ಅವಳು ಮೊಮ್ಮಗಳು ಸೌಮ್ಯಳನ್ನು ಓದಿಸಿದ್ದಳು. ಪಿಯುಸಿ ಮುಗಿದ ಕೂಡಲೇ ಮಗ ಗಣಪ ಗಂಡು ಹುಡುಕಲು ಹೊರಟಿದ್ದ. "ಅವ್ಳು ನರ್ಸಿಂಗ್ ಓದ್ತಾಳೆ" ಎಂದಳು ವೆಂಕಮ್ಮ. ಆ ಮನೆಯಲ್ಲಿ ಅದರ ಮೇಲೆ ಮಾತಿಲ್ಲ. ಸೌಮ್ಯ ಶಿರಸಿಯ ಹಾಸ್ಟೆಲ್ ಸೇರಿ ಈಗ ಎರಡನೆಯ ವರ್ಷ.

ಆ ಶನಿವಾರ ಸಂಜೆ ಬಸ್ಸಿಳಿದು ಬಂದವಳ ಹಣೆಯ ಎಡಭಾಗದಲ್ಲಿ ಗುಳ್ಳೆಗಳ ಸಾಲಿತ್ತು. "ಸರ್ಪಸುತ್ತೇ ಸೈ" ಎಂದಳು ಅಜ್ಜಿ. ಸೌಮ್ಯ ಏನೋ ಹೇಳಲು ಬಾಯಿ ತೆರೆದಳು. ಅಂಗಳದಲ್ಲಿ ನೆರೆಮನೆಯ ಹೆಂಗಸರಿಬ್ಬರು ಕಿವಿ ನಿಮಿರಿಸಿ ನಿಂತಿದ್ದರು. ವೆಂಕಮ್ಮನ ಮೊಮ್ಮಗಳೇ ಡಾಕ್ಟರ ಹತ್ತಿರ ಓಡಿದಳು ಎಂದರೆ ಊರಿಗೆ ವರ್ಷವಿಡೀ ಮೆಲುಕು ಹಾಕಲು ಸಾಕು. ಹುಡುಗಿ ಬಾಯಿ ಮುಚ್ಚಿದಳು. ಮರುದಿನ ಬೆಳಿಗ್ಗೆ ಮುಖ ಎತ್ತಿ ಅಜ್ಜಿಯೆದುರು ಕೂತಳು.

ಸೋಮವಾರ ಎರಡನೆಯ ಬೆಳಗು. ಕೆಮ್ಮಣ್ಣು ತೇಯ್ದುಕೊಂಡು ಬಂದ ವೆಂಕಮ್ಮನ ಕೈ ಅರ್ಧದಲ್ಲೇ ನಿಂತಿತು. ಹುಡುಗಿಯ ಎಡರೆಪ್ಪೆ ಊದಿತ್ತು, ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮೂಗಿನ ತುದಿಯಲ್ಲಿ ಒಂದು ಹೊಸ ಗುಳ್ಳೆ.

ಆ ಗುಳ್ಳೆಯನ್ನು ಅವಳು ಹಿಂದೊಮ್ಮೆ ಕಂಡಿದ್ದಳು. ಹನ್ನೊಂದು ವರ್ಷದ ಹಿಂದೆ, ಕೆಳಗಿನ ಕೇರಿಯ ತಿಮ್ಮಪ್ಪನ ಮೂಗಿನ ಮೇಲೆ. ಮೂರು ಬೆಳಗೂ ಬಳಿದಿದ್ದಳು. ಗುಳ್ಳೆ ಒಣಗಿತು, ಕಣ್ಣು ಬೆಳ್ಳಗಾಯಿತು. "ಹಾವಿನ ಶಾಪ, ನೀ ಎಂತ ಮಾಡ್ತೆ" ಎಂದು ತಿಮ್ಮಪ್ಪ ಅವಳನ್ನೇ ಸಮಾಧಾನ ಮಾಡಿ, ತೆಂಗಿನಕಾಯಿ ಕೊಟ್ಟು ಹೋಗಿದ್ದ. ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಅವನು ಎದುರಾದರೆ ವೆಂಕಮ್ಮ ಬೇರೆ ದಾರಿ ಹಿಡಿಯುತ್ತಿದ್ದಳು.

"ಕಣ್ಣು ಕಾಣ್ತದನೆ, ಮಗಾ?"

ಗಣಪ ಬೆಚ್ಚಿಬಿದ್ದ. ಮದ್ದು ಬಳಿಯುವ ಮೊದಲು ಅವ್ವ ಮಾತಾಡಿದ್ದನ್ನು ಅವನು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಮಬ್ಬು" ಎಂದಳು ಸೌಮ್ಯ. ಆಮೇಲೆ ಇನ್ನೂ ಮೆಲ್ಲಗೆ, "ಮೂಗಿನ ತುದಿಗೆ ಬಂದ್ರೆ ಕಣ್ಣಿಗೂ ಬರ್ತದೆ ಅಂತ ಕ್ಲಾಸಲ್ಲಿ ಹೇಳಿದ್ರು. ಮೂರು ದಿನದೊಳಗೆ ಗುಳಿಗೆ ಶುರು ಮಾಡ್ಬೇಕಂತೆ."

"ಗೊತ್ತಿದ್ದೂ ಸುಮ್ನೆ ಕೂತ್ಯ?"

ಕೇಳಿದ ವೆಂಕಮ್ಮನಿಗೇ ಉತ್ತರ ಗೊತ್ತಿತ್ತು. ಓದಲು ಕಳಿಸಿದವಳೂ ತಾನೇ, ಓದಿದ್ದನ್ನು ಬಾಯಿಬಿಟ್ಟು ಹೇಳದ ಹಾಗೆ ಮಾಡಿದವಳೂ ತಾನೇ. ಸೆರಗು ನೀರಲ್ಲಿ ಅದ್ದಿ ಮೊಮ್ಮಗಳ ಹಣೆಯ ಕೆಮ್ಮಣ್ಣನ್ನು ಒರೆಸತೊಡಗಿದಳು.

"ಬ್ಯಾಡ ಅವ್ವಾ!" ಗಣಪ ಅವಳ ಕೈ ಹಿಡಿದ. "ನಾಳೆ ಒಂದಿನ ಅಲ್ದಾ? ನಡುವೆ ಬಿಟ್ರೆ ತಿರುಗಿ ಬೀಳ್ತದೆ ಅಂತ ನೀನೇ ಹೇಳಿದ್ದು. ಮಗಳು ಸತ್ತೋದ್ರೆ?"

"ನಮ್ಮತ್ತೆ ಹೇಳಿದ್ರು, ನಾ ಹೇಳ್ದೆ. ತಿಮ್ಮಪ್ಪನ ಕಣ್ಣು ಹೋಗಿದ್ದು ಹಾವಿಂದಲ್ಲ ಗಣಪ, ನನ್ನಿಂದ. ಗುಳಿಗೆ ಬ್ಯಾಡ ಅಂದವ್ಳು ನಾನು." ಜಗಲಿಯಲ್ಲಿ ಸರದಿ ಕಾಯುತ್ತಿದ್ದ ಇಬ್ಬರು ಇದನ್ನು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ ಎಂದೇ ಅವಳು ದನಿ ತಗ್ಗಿಸಲಿಲ್ಲ. "ಆಟೋ ತಗಂಡು ಬಾ. ಬರದಿದ್ರೆ ನಾನೇ ಕೈಹಿಡ್ಕಂಡು ನಡೆಸ್ಕಂಡು ಹೋಗ್ತೆ."

ಸಿದ್ದಾಪುರದ ಡಾಕ್ಟರು ನೋಡಿದವರೇ ಗುಳಿಗೆ ನುಂಗಿಸಿ, ತಡಮಾಡದೆ ಶಿರಸಿಯ ಕಣ್ಣಿನ ಆಸ್ಪತ್ರೆಗೆ ಹೋಗಿ ಎಂದರು. ಆ ದಾರಿಯುದ್ದಕ್ಕೂ ಗಣಪ ಮಗಳ ಉಸಿರನ್ನೇ ನೋಡುತ್ತಿದ್ದ. ವೆಂಕಮ್ಮ ಕಣ್ಣನ್ನು.

ಶಿರಸಿಯಲ್ಲಿ ಡಾಕ್ಟರಮ್ಮ ಸೌಮ್ಯಳ ಬಲಗಣ್ಣು ಮುಚ್ಚಿ ಬೆರಳೆತ್ತಿದರು. "ಎಷ್ಟು?"

ಸೌಮ್ಯ ಊದಿದ ರೆಪ್ಪೆಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ವೆಂಕಮ್ಮ ತನಗೆ ನೆನಪಿದ್ದ ದೇವರನ್ನೆಲ್ಲ ಒಟ್ಟಿಗೆ ಕರೆದಳು.

"ಎರಡು."

ಎರಡೇ ಇತ್ತು. ಡಾಕ್ಟರಮ್ಮ ಉಸಿರು ಬಿಟ್ಟರು. "ಕಣ್ಣು ಉಳೀಬಹುದು. ವಾರಗಟ್ಟಲೆ ಔಷಧಿ ಬೇಕು. ನಾಳೆ ಬಂದಿದ್ರೆ ಈ ಮಾತು ಹೇಳ್ತಿರಲಿಲ್ಲ. ನರ್ಸಿಂಗ್ ಓದೋಳು ನೀನು, ಎರಡು ದಿನ ಯಾಕೆ ತಡ ಮಾಡ್ದೆ?"

"ನಂಗೆ ಗೊತ್ತಾಗ್ಲಿಲ್ಲ ಮೇಡಂ" ಎಂದಳು ಸೌಮ್ಯ.

"ಅವ್ಳಿಗೆ ಗೊತ್ತಿತ್ತು" ಎಂದಳು ವೆಂಕಮ್ಮ, ಬಾಗಿಲ ಹತ್ತಿರ ನಿಂತಲ್ಲಿಂದಲೇ. "ನನ್ನ ಮರ್ಯಾದೆ ಹೋಗ್ತದೆ ಅಂತ ಸುಮ್ನಿದ್ಲು."

ಅಷ್ಟರಲ್ಲಿ ಗಣಪನ ಫೋನು ಕೂಗಿತು. ಅವನು ಎರಡು ಮಾತಾಡಿ ಅವ್ವನ ಕಡೆ ತಿರುಗಿದ. ಪಕ್ಕದ ಊರಿನ ಶಿವರಂಜನಿ ಮಗಳನ್ನು ಕರೆದುಕೊಂಡು ಬಂದು ಜಗಲಿಯಲ್ಲಿ ಕೂತಿದ್ದಾಳಂತೆ. ಹುಡುಗಿಗೆ ಸೊಂಟದ ಸುತ್ತ ಗುಳ್ಳೆ. ಅಜ್ಜಿ ಎಷ್ಟೊತ್ತಿಗೆ ಬರ್ತಾರೆ ಎಂದು ಕೇಳುತ್ತಿದ್ದಾಳೆ.

"ಸಿದ್ದಾಪುರದ ಡಾಕ್ಟರ ಹತ್ರ ಕರ್ಕಂಡು ಹೋಗಕ್ಕೆ ಹೇಳು" ಎಂದಳು ವೆಂಕಮ್ಮ. "ವೆಂಕಮ್ಮನೇ ಹೇಳಿದ್ದು ಅಂತ ಹೇಳು. ಇಲ್ದಿದ್ರೆ ಹೋಗುದಿಲ್ಲ ಅವ್ರು."