ಕೋಟಿನ ಭುಜದೊಳಗಿನ ತುಂಡುಗಳು

ಆ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವನು ಗಂಡ ಒಬ್ಬನೇ. ಅವನು ಹೋದ ಮೇಲೆ ಆ ಹೆಸರಿಗೆ ಕೆಲಸವಿರಲಿಲ್ಲ. ಎದುರಿಗೆ ಬಂದವರ ಮುಖ ನೋಡುವ ಮೊದಲು ಆಕೆ ಭುಜ ನೋಡುತ್ತಿದ್ದಳು. ಒಂದು ಭುಜ ತುಸು ಇಳಿದಿದ್ದರೆ, "ಚೀಲ ಯಾವಾಗ್ಲೂ ಆ ಕಡೆಗೇ ಹಾಕ್ತೀರಾ?" ಎಂದು ಕೇಳಿಯೇ ಬಿಡುತ್ತಿದ್ದಳು.

ಅಂಗಡಿಗೆ ಅಂಟಿಕೊಂಡಂತೆ ಇನ್ನೊಂದು ಕೋಣೆಯಿತ್ತು. ಗಂಡ ಅಲ್ಲಿ ಗುಂಡಿ, ಜಿಪ್ಪು, ಲೇಸು ಮಾರುತ್ತಿದ್ದ. ಈಗ ಅದು ಬಾಗಿಲು ಹಾಕಿಕೊಂಡು ಧೂಳು ತಿನ್ನುತ್ತಿತ್ತು. ಒಂದು ದಿನ ಕಲಾಸಂಘದವರು ಬಂದರು. ಆಗಷ್ಟೇ ಕಲೆ ಶುರುಮಾಡಿದ ಮಕ್ಕಳಿಗೆ ಕೆಲಸ ಮಾಡಲು ಜಾಗವಿಲ್ಲ, ಖಾಲಿ ಬಿದ್ದ ಅಂಗಡಿ ಕೊಟ್ಟರೆ ಉಪಕಾರವಾಗುತ್ತದೆ ಎಂದರು. ಕೊನೆಗೆ ಸಂಘದವರೇ ಬಂದು ನೋಡುತ್ತಾರೆ, ಚೆನ್ನಾಗಿ ಮಾಡಿದ ಒಬ್ಬರಿಗೆ ಸಂಘದ ಸ್ಟುಡಿಯೋದಲ್ಲಿ ಒಂದು ವರ್ಷ ಇರಲು ಅವಕಾಶ ಎಂದೂ ಹೇಳಿದರು. ಟೈಲರಕ್ಕ ಹಿಂದೆಮುಂದೆ ನೋಡದೆ ಬೀಗ ತೆಗೆದುಕೊಟ್ಟಳು. ಪಕ್ಕದ ಗೋಡೆಯ ಆಚೆ ಯಾರಾದರೂ ಕೆಮ್ಮುವ ಸದ್ದು ಕೇಳಿದರೂ ಸಾಕಿತ್ತು ಆಕೆಗೆ.

ಬಂದವಳು ಕಡ್ಡಿಯಂಥ ಹುಡುಗಿ. ಸೋದರಮಾವನ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಟೇಪು ಅಂಟಿಸುವ ಕೆಲಸ ಬಿಟ್ಟು ಬಂದಿದ್ದಳು. ಸ್ಟುಡಿಯೋ ಸಿಗದಿದ್ದರೆ ಮತ್ತೆ ಅಲ್ಲಿಗೇ ಎಂದು ಮಾವ ಮೊದಲೇ ಹೇಳಿ ಕಳಿಸಿದ್ದ. ಅವಳು ಮನೆಮನೆಗೆ ಹೋಗಿ ಹಳೆ ಬಟ್ಟೆ ಕೇಳಿ ತಂದಳು, ಅವುಗಳ ಹೊಲಿಗೆಯನ್ನು ಅರ್ಧ ಬಿಚ್ಚಿದಳು, ದಾರಗಳನ್ನು ಹಾಗೇ ಇಳಿಬಿಟ್ಟು ಸೂರಿಗೆ ತೂಗುಹಾಕಿದಳು.

"ಏನಕ್ಕಾ, ಪಕ್ಕದ ಕೋಣೇಲಿ ಬಟ್ಟೆ ಒಣಗೋಕೆ ಹಾಕಿದೀರಾ?" ಎದುರು ಅಂಗಡಿಯ ಇಸ್ತ್ರಿಯಣ್ಣ ಕೂಗಿ ಕೇಳಿದ.

"ಅದು ಕಲೆ ಕಣಪ್ಪ."

"ನಮ್ಮ ಮನೇಲಿ ಇಲಿ ದಿನಾ ಮಾಡುತ್ತೆ ಅಂಥ ಕಲೆ!"

"ಹಂಗಾದ್ರೆ ಅದನ್ನೂ ಕಳಿಸು, ಜಾಗ ಕೊಡ್ತೀನಿ."

ಬೀದಿ ನಕ್ಕಿತು. ಹುಡುಗಿಯೂ ನಕ್ಕಳು. ಯಾರಾದರೂ ಹೀಗೆ ಕೊಂಕು ಆಡಿದಾಗಲೆಲ್ಲ ಟೈಲರಕ್ಕ ಅವಳ ಪರವಾಗಿಯೇ ನಿಂತಳು. ನಿಲ್ಲುವುದು ಸುಲಭವೂ ಆಗಿತ್ತು. ಅಲ್ಲಿಯವರೆಗೆ ಬಿಚ್ಚಿದ್ದು ಬೇರೆಯವರ ಹೊಲಿಗೆ.

ಸಂಘದವರು ಬರುವ ದಿನ ಮಧ್ಯಾಹ್ನ ಹುಡುಗಿ ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. "ಅಕ್ಕಾ, ನಿಮಗೇ ಮೊದಲು ತೋರಿಸ್ಬೇಕು ಅಂತ ಮುಚ್ಚಿಟ್ಟಿದ್ದೆ," ಎಂದು ಮಧ್ಯದಲ್ಲಿ ತೂಗುತ್ತಿದ್ದುದರ ಮೇಲಿನ ಹೊದಿಕೆ ಎಳೆದಳು.

ಇಸ್ತ್ರಿಯಣ್ಣನ ಮದುವೆಯ ಕೋಟು. ಕಾಲರಿನ ಒಳಗೆ ಟೈಲರಕ್ಕನ ಅಂಗಡಿಯ ಚೀಟಿ ಇನ್ನೂ ಗಟ್ಟಿಯಾಗಿ ಕೂತಿತ್ತು. ಒಂದು ಭುಜದ ಲೈನಿಂಗು ಬಿಚ್ಚಿತ್ತು. ಒಳಗಿನ ತುಂಡುಗಳೆಲ್ಲ ಹೊರಗೆ ಬಂದಿದ್ದವು. ಒಬ್ಬರ ಕಿಟಕಿ ಪರದೆಯದು, ಇನ್ನೊಬ್ಬರ ಶಾಲೆ ಸಮವಸ್ತ್ರದ್ದು, ಹಳದಿ ಚುಕ್ಕಿಯ ಫ್ರಾಕಿನದು, ಯಾರದೋ ಷರಟಿನದು. ಒಂದೊಂದು ತುಂಡಿನಿಂದಲೂ ಒಂದೊಂದು ದಾರ ಹೊರಟು ಸುತ್ತ ತೂಗುತ್ತಿದ್ದ ಬಟ್ಟೆಗಳಿಗೆ ಹೋಗಿ ಕಟ್ಟಿಕೊಂಡಿತ್ತು.

"ನೋಡಿ ಅಕ್ಕಾ! ಇಡೀ ಬೀದಿ ಒಂದು ಭುಜದೊಳಗಿದೆ. ನೀವೇ ಮಾಡಿದ್ದು. ನಾನು ಬರೀ ಬಿಚ್ಚಿದೆ, ಅಷ್ಟೇ."

ಟೈಲರಕ್ಕನ ಕಿವಿ ಬಿಸಿಯಾಯಿತು. ಭುಜ ಎದ್ದು ನಿಲ್ಲಲು ಒಳಗೆ ಮೆತ್ತೆ ಇಡಬೇಕು. ಅಂಗಡಿಯಿಂದ ತಂದ ಮೆತ್ತೆ ಇಡುವ ಬದಲು ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳನ್ನು ಮಡಿಚಿ ಪದರಪದರವಾಗಿ ಹೊಲಿದು ಇಡುವುದು ಆಕೆಯ ರೂಢಿ. ಹಾಗೆ ಮಾಡಿದ ಭುಜ ಎಂದೂ ಕುಸಿಯುತ್ತಿರಲಿಲ್ಲ, ಆ ಮಾತು ನಿಜ. ಆದರೆ ಉಳಿದದ್ದನ್ನು ಗಿರಾಕಿಗೆ ಹಿಂತಿರುಗಿಸಬೇಕಿತ್ತು, ಅದೂ ನಿಜ.

"ಹೇಗಿದೆ ಅಕ್ಕಾ?"

"ಚೆನ್ನಾಗಿದೆ," ಎಂದಳು. ಬೇಡ ಎನ್ನಬಹುದಿತ್ತು. ಇದೊಂದನ್ನು ಇಳಿಸು ತಾಯಿ ಎನ್ನಬಹುದಿತ್ತು. ಆದರೆ ಏಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತಲ್ಲ.

ಹುಡುಗಿ ಗೆಳತಿಯ ಮನೆಯಿಂದ ದೀಪಗಳನ್ನು ತರಲು ಹೋದಳು. "ಸ್ವಲ್ಪ ನೋಡ್ಕೊಳ್ತಿರಿ ಅಕ್ಕಾ," ಎಂದು ಹೇಳಿಯೇ ಹೋದಳು.

ಟೈಲರಕ್ಕ ಸೂಜಿ ತೆಗೆದುಕೊಂಡು ಒಳಗೆ ಹೋದಳು. ಬಿಚ್ಚಿದ ಭುಜ ನೋಡಿದರೆ ಹುಡುಗಿಯ ಕೆಲಸ ಒರಟಾಗಿ ಕಾಣುತ್ತದೆ, ಬಂದವರು ಮೂಗು ಮುರಿಯುತ್ತಾರೆ, ಒಂದೆರಡು ಹೊಲಿಗೆ ಹಾಕಿದರೆ ಅವಳಿಗೇ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ದಾರಗಳನ್ನು ಒಂದೊಂದಾಗಿ ಕತ್ತರಿಸಿದಳು. ತುಂಡುಗಳನ್ನು ಒಳಗೆ ತುರುಕಿದಳು. ಲೈನಿಂಗನ್ನು ಎಳೆದು, ಹೊಲಿಗೆ ಕಾಣದ ಹಾಗೆ ಹೊಲಿದಳು. ಅಷ್ಟಾದ ಮೇಲೆ ನೋಡಿದರೆ ಕೋಟೊಂದೇ ಅಚ್ಚುಕಟ್ಟು, ಮಿಕ್ಕದ್ದೆಲ್ಲ ಹರಕು, ಅನುಮಾನ ಬರುವಂತಿತ್ತು. ಹಾಗಾಗಿ ಉಳಿದ ಬಟ್ಟೆಗಳ ಇಳಿಬಿದ್ದ ದಾರವನ್ನೂ ಕತ್ತರಿಸಿದಳು. ಕೈಗೆ ಅಭ್ಯಾಸವಾದ ಕೆಲಸ, ಬೇಗ ಮುಗಿಯಿತು. ಬಾಗಿಲು ಎಳೆದುಕೊಂಡು ಹೊರಗೆ ಬಂದಾಗ ಇಸ್ತ್ರಿಯಣ್ಣ ಎದುರಿನಿಂದ, "ಏನಕ್ಕಾ, ನೀವೂ ಕಲೆಗೆ ಇಳಿದ್ರಾ?" ಎಂದ. ಆಕೆ ಕೇಳಿಸದವಳಂತೆ ಹೊಲಿಗೆ ಯಂತ್ರದ ಮುಂದೆ ಕೂತಳು.

ಹುಡುಗಿ ದೀಪಗಳ ಚೀಲ ಹೊತ್ತು ಬರುವುದಕ್ಕೂ ಸಂಘದವರು ಬರುವುದಕ್ಕೂ ಸರಿಹೋಯಿತು. ಬಾಗಿಲಲ್ಲೇ ಸಿಕ್ಕರು, ಒಟ್ಟಿಗೇ ಒಳಗೆ ಹೋದರು. ಟೈಲರಕ್ಕ ಹೊಸ್ತಿಲ ಮೇಲೆ ನಿಂತಳು.

ಹುಡುಗಿ ಮೇಲೆ ನೋಡಿದಳು. ಚೀಲ ಮೆಲ್ಲಗೆ ಕೆಳಗಿಟ್ಟಳು. ಕೋಟಿನ ಹತ್ತಿರ ಹೋಗಿ ಭುಜ ಮುಟ್ಟಿದಳು. ಆಮೇಲೆ ತಿರುಗಿ ಟೈಲರಕ್ಕನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳಿಗೆ ಅರ್ಥವಾಗಿತ್ತು. ಏಕೆ ಹೊಲಿದಿದ್ದಾಳೆ ಎನ್ನುವುದೂ ಅರ್ಥವಾಗಿತ್ತು.

ಸಂಘದ ಮೇಡಂ ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದರು. "ಇದೇನಮ್ಮ, ಹಳೆ ಬಟ್ಟೆ ತೂಗುಹಾಕಿದೀಯ. ಇದರಲ್ಲಿ ನೀನೇನು ಮಾಡ್ದೆ?"

"ಬೀದಿಯವರ ಬಟ್ಟೆ, ಮೇಡಂ."

"ಅದು ಕಾಣುತ್ತೆ. ಆಮೇಲೆ?"

"ಅಷ್ಟೇ, ಮೇಡಂ."

ಅವರು ಏನೋ ಬರೆದುಕೊಂಡು ಹೊರಟರು. ಟೈಲರಕ್ಕ ಚಪ್ಪಲಿ ಮೆಟ್ಟದೆ ಹಿಂದೆಯೇ ಓಡಿ ಕಾರಿನ ಹತ್ತಿರ ಹಿಡಿದಳು. "ಮೇಡಂ, ಅದು ಹಾಗಿರಲಿಲ್ಲ. ನಾನು... ದಾರ ಜೋತುಬಿದ್ದಿತ್ತು ಅಂತ ನಾನೇ ಕತ್ತರಿಸಿಬಿಟ್ಟೆ. ತಿಳೀಲಿಲ್ಲ ನನಗೆ."

"ದಾರ ತಾನೇ," ಮೇಡಂ ಆಕೆಯ ಕೈ ಹಿಡಿದುಕೊಂಡರು. "ಪ್ರೀತಿಯಿಂದ ಮಾಡಿದೀರಿ ಬಿಡಿ. ನಿಮ್ಮಂಥವರು ಜಾಗ ಕೊಡೋದ್ರಿಂದಲೇ ಈ ಮಕ್ಕಳು ತಲೆ ಎತ್ತೋದು. ದೊಡ್ಡ ಮನಸ್ಸು ನಿಮ್ಮದು."

ಭುಜದ ವಿಷಯ ಹೇಳಲು ಬಾಯಿ ತೆರೆದಳು. ಇಸ್ತ್ರಿಯಣ್ಣ ಅಂಗಡಿಯಿಂದ ಇಣುಕುತ್ತಿದ್ದ, ಅವನ ಗಿರಾಕಿಗಳೂ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡಳು. ಕಾರು ಹೋಯಿತು. ತಿರುಗಿದರೆ ಹುಡುಗಿ ಬಾಗಿಲಲ್ಲಿ ನಿಂತಿದ್ದಳು, ಅಷ್ಟನ್ನೂ ಕೇಳಿಸಿಕೊಂಡು.

ಸ್ಟುಡಿಯೋ ಇನ್ಯಾರಿಗೋ ಹೋಯಿತು. ಫೋನು ಬಂದ ದಿನವೇ ಹುಡುಗಿ ಬಟ್ಟೆಗಳನ್ನು ಇಳಿಸಿ, ಮಡಿಚಿ, ಅವರವರ ಮನೆಗೆ ಕೊಟ್ಟುಬಂದಳು. ಕೊನೆಗೆ ಉಳಿದದ್ದು ಕೋಟು.

"ನೀನು ಅವತ್ತೇ ಹೇಳ್ಬಹುದಿತ್ತಲ್ಲೇ," ಟೈಲರಕ್ಕ ಯಂತ್ರದಿಂದ ತಲೆ ಎತ್ತದೆ ಹೇಳಿದಳು. "ಈ ಮುದುಕಿ ಹಾಳು ಮಾಡಿದ್ಲು ಅಂತ."

"ಹೇಳಿದ್ರೆ ಅವರು ಬಿಚ್ಚಿ ತೋರಿಸು ಅಂತಿದ್ರು. ಎಲ್ಲರ ಎದುರಿಗೆ." ಹುಡುಗಿ ಕೋಟನ್ನು ಮೇಜಿನ ಮೇಲಿಟ್ಟಳು. "ನನಗೆ ಅದು ಚೆಂದ ಕಂಡಿತ್ತು ಅಕ್ಕಾ. ನಿಮಗೆ ನೋವಾಗುತ್ತೆ ಅಂತ ಹೊಳೀಲೇ ಇಲ್ಲ. ನೀವು ಬೇಡ ಅಂದಿದ್ರೆ ಇಳಿಸಿಬಿಡ್ತಿದ್ದೆ."

"ಇನ್ನೊಂದಷ್ಟು ದಿನ ಇಲ್ಲೇ ಇರು. ಕೋಣೆ ಖಾಲಿನೇ ಇರುತ್ತೆ."

"ಬೇಡ ಅಕ್ಕಾ. ಸೋಮವಾರದಿಂದ ಬಾ ಅಂದಿದ್ದಾರೆ ಮಾವ."

ಹೋಗುವಾಗ ಬಗ್ಗಿ ಕಾಲು ಮುಟ್ಟಲು ಬಂದಳು. ಟೈಲರಕ್ಕ ಕಾಲು ಹಿಂದಕ್ಕೆ ಎಳೆದುಕೊಂಡಳು.

ಅವಳ ಬಸ್ಸು ಹೋದ ಮೇಲೆ ಟೈಲರಕ್ಕ ಕತ್ತರಿ ಕೈಗೆತ್ತಿಕೊಂಡಳು. ಕೋಟನ್ನು ತೋಳಿಗೆ ಹಾಕಿಕೊಂಡು ರಸ್ತೆ ದಾಟಿದಳು. ಇಸ್ತ್ರಿ ಅಂಗಡಿಯಲ್ಲಿ ಮೂಲೆಮನೆಯ ತಾಯಿಯೂ ಇನ್ನಿಬ್ಬರೂ ಬಟ್ಟೆಗಾಗಿ ಕಾಯುತ್ತಿದ್ದರು. ಆಕೆ ಕೋಟನ್ನು ಇಸ್ತ್ರಿ ಮೇಜಿನ ಮೇಲೆ ಹರಡಿ, ಕತ್ತರಿಯ ತುದಿಯಿಂದ ತಾನೇ ಹಾಕಿದ ಹೊಲಿಗೆಯನ್ನು ಬಿಚ್ಚಿದಳು.

"ಅಯ್ಯೋ ಅಕ್ಕಾ, ನನ್ನ ಮದುವೆ ಕೋಟು!" ಎಂದ ಇಸ್ತ್ರಿಯಣ್ಣ.

"ಸುಮ್ನಿರಪ್ಪ, ಮತ್ತೆ ಹೊಲಿದು ಕೊಡ್ತೀನಿ. ಆ ಹುಡುಗಿ ತೋರಿಸ್ಬೇಕು ಅಂತಿದ್ದದ್ದು ಇದು. ನಾನು ಮುಚ್ಚಿದೆ."

ತುಂಡುಗಳು ಮೇಜಿನ ಮೇಲೆ ಬಿದ್ದವು. ಯಾರೋ ನಕ್ಕರು, "ಅಕ್ಕನ ಗುಟ್ಟು ರಟ್ಟಾಯ್ತು ನೋಡ್ರೀ." ಮೂಲೆಮನೆಯ ತಾಯಿ ನಗಲಿಲ್ಲ. ಹಳದಿ ಚುಕ್ಕಿಯ ತುಂಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಮಗು ಉದ್ದ ಆದ್ಮೇಲೆ ಫ್ರಾಕಿಗೆ ಅಂಚು ಹಚ್ಚೋಣ ಅಂತ ಉಳಿದ ತುಂಡು ಕೇಳೋಕೆ ಬಂದಿದ್ದೆ," ಎಂದಳು. "ಒಂಚೂರೂ ಉಳಿದಿಲ್ಲ ಅಂದಿದ್ರಿ."

"ಹೌದು," ಎಂದಳು ಟೈಲರಕ್ಕ. "ಹಾಗೇ ಅಂದಿದ್ದೆ."